ಬರಸೀಮೆಯ ದೋಣಿ ಸಾಹೇಬ್ರು

ಅಂಬಾಜಿದುರ್ಗದ ಬೆಟ್ಟ ಹತ್ತಿ ಸುತ್ತ ಕಣ್ಣು ಹಾಯಿಸಿದರೆ ಬಂಡೆ, ನೀಲಗಿರಿ, ಟೊಮೆಟೊ ತೋಟ ಎಲ್ಲ ಕಾಣುತ್ತವೆ, ಹರಿಯುವ ನೀರೊಂದು ಬಿಟ್ಟು. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುವುದೇನೋ ಈ ಸೀಮೆಯಲ್ಲೇ. ಆದರೆ ಮಳೆಗಾಲಕ್ಕೊಮ್ಮೆ ಮುಖ ತೋರಿಸಿ ಹೋಗುವ ಹೆಣ್ಣುಮಕ್ಕಳು ಅವು. ಇಂಥ ಕಡೆ ಖಾಸಗಿ ಆಸ್ಪತ್ರೆಯೊಂದರ ಆಡಳಿತಾಧಿಕಾರಿ ನಮ್ಮ ದೋಣಿ ಸಾಹೇಬ್ರು.

ಓದಿದ್ದು ಪುಣೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಅಲ್ಲಿಯ ದೋಣಿ ಕ್ಲಬ್ಬು 1928ರಷ್ಟು ಹಳೆಯದು. ಮುಳಾ ನದಿಯಲ್ಲಿ ಹುಟ್ಟು ಹಾಕುತ್ತ ವಿಶ್ವವಿದ್ಯಾಲಯದ ತಂಡ ಸೇರಿದರು. ಆಮೇಲೆ ಆಸ್ಪತ್ರೆ ಆಡಳಿತದ ಡಿಪ್ಲೊಮಾ. ಎಂಜಿನಿಯರಿಂಗ್ ಮರೆತುಹೋಗಿದೆ, ದೋಣಿ ಮರೆತಿಲ್ಲ. ಕೊಠಡಿಯ ಗೋಡೆಗೆ ಧನ್ವಂತರಿಯ ಪಕ್ಕದಲ್ಲೇ ಹುಟ್ಟು ತೂಗುಹಾಕಿದ್ದಾರೆ. ಆಯುಧಪೂಜೆಯ ದಿನ ಮೊದಲ ಕುಂಕುಮ ಅದಕ್ಕೆ, ಆಂಬುಲೆನ್ಸಿಗೆ ಉಳಿದದ್ದು.

ಸೋಮವಾರದ ಮೀಟಿಂಗಿನಲ್ಲಿ ಅದೇ ಪ್ರವಚನ. “ಎಂಟು ಜನ, ಎಂಟು ಹುಟ್ಟು, ಒಂದೇ ತಾಳ! 2000 ಮೀಟರ್! ಒಬ್ಬ ತಪ್ಪಿದರೆ ದೋಣಿ ಓರೆ!” ರಾತ್ರಿ ಪಾಳಿ ಮುಗಿಸಿ ಬಂದ ನರ್ಸಮ್ಮ ತೂಕಡಿಸುತ್ತ ತಲೆದೂಗುತ್ತಾರೆ. ತಾಳ ಕೂಡಿತೆಂದು ಸಾಹೇಬ್ರಿಗೆ ಸಂತೋಷ.

“ಸಾರ್, ಲ್ಯಾಬಲ್ಲಿ ನಾವಿರೋದೇ ನಾಲ್ಕು ಜನ,” ಅಂದ ಹುಡುಗನೊಬ್ಬ.

“ತಲಾ ಎರಡೆರಡು ಹುಟ್ಟು ಹಾಕಿ. ಆ ಥರದ ಪಂದ್ಯವೂ ಇದೆ.”

ಇದೆ, ನಿಜ. ಹುಟ್ಟು ಹಾಕುವವರು ದೋಣಿ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾರೆ ಎಂಬುದೂ ನಿಜ. ಸಾಹೇಬ್ರ ಆಡಳಿತವೂ ಹಾಗೇ ನಡೆಯುತ್ತದೆ. ಹೋದ ತಿಂಗಳ ಬಿಲ್ಲುಗಳು ಪೈಸೆ ಸಮೇತ ಬಾಯಲ್ಲಿವೆ. ಇವತ್ತು ಲಿಫ್ಟು ಕೆಟ್ಟಿರುವುದು ಬೆನ್ನ ಹಿಂದಿನ ಸಂಗತಿ. ದೋಣಿಯಲ್ಲಿ ಮುಂದೆ ನೋಡುವವನು ಕಾಕ್ಸ್ ಒಬ್ಬನೇ. ಹುಟ್ಟು ಮುಟ್ಟದೆ ಕೂತು ಕೂಗುವುದು ಅವನ ಕೆಲಸ. ಸಾಹೇಬ್ರು ಅವನಿಂದ ಕಲಿತದ್ದು ಕೂಗುವುದನ್ನು ಮಾತ್ರ.

ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧಿಯಾಗಿ, ಹೆಬ್ಬಾಳ–ನಾಗವಾರ ಕಣಿವೆಯಿಂದ ಬಂದು ಚಿಕ್ಕಬಳ್ಳಾಪುರದ ಕಂದವಾರ ಕೆರೆ ತುಂಬಿದಾಗ ಸಾಹೇಬ್ರ ತೋಳು ಜುಮ್ಮೆಂದಿತು. ಮೂರನೇ ಹಂತದ ಶುದ್ಧಿಯೂ ಬೇಕೆಂದು ರೈತರು ಧರಣಿ ಕೂತರೆ, ಇವರು ದೋಣಿ ಸ್ಪರ್ಧೆಯ ಕರಪತ್ರ ಬರೆಸತೊಡಗಿದರು. ಕೊನೆಗೆ ಚರ್ಮರೋಗದ ಡಾಕ್ಟರಮ್ಮ ಬಾಯಿಬಿಟ್ಟರು:

“ಸಾರ್, ಆ ನೀರಲ್ಲಿ ಇಷ್ಟು ಜನ ಇಳಿದರೆ ನನ್ನ ವಾರ್ಡಿಗೆ ಹಾಸಿಗೆ ಸಾಲಲ್ಲ.”

ಸಾಹೇಬ್ರು ಕರಪತ್ರ ಪಕ್ಕಕ್ಕಿಟ್ಟು ಕ್ಯಾಲ್ಕುಲೇಟರ್ ಎಳೆದುಕೊಂಡರು.

“ಎಷ್ಟು ಹಾಸಿಗೆ ಬೇಕಾಗಬಹುದು, ಡಾಕ್ಟ್ರೇ?”