ಜಾತಕ ಸರಿ, ಹುಟ್ಟಿದ ಗಳಿಗೆ ತಪ್ಪು

2009ರ ಜನವರಿ. ಅಮೆರಿಕದ ಆರ್ಥಿಕತೆ ಮಕಾಡೆ ಮಲಗಿತ್ತು. ಸರ್ಕಾರ ಮುಂದೆ ಬಂದು ಚೇತರಿಕೆಯ ಯೋಜನೆ ಹಾಕಲೇಬೇಕು, ಇದರಲ್ಲಿ ಭಿನ್ನಾಭಿಪ್ರಾಯವೇ ಇಲ್ಲ ಎಂದುಬಿಟ್ಟರು ಒಬಾಮ. ಪಾಪ, ಅರ್ಥಶಾಸ್ತ್ರಜ್ಞರ ಸಹವಾಸ ಆಗಷ್ಟೇ ಶುರುವಾಗಿತ್ತು. ತಿಂಗಳು ಮುಗಿಯುವುದರೊಳಗೆ ಸುಮಾರು 200 ಅರ್ಥಶಾಸ್ತ್ರಜ್ಞರು ಸಹಿ ಹಾಕಿ, ಅಧ್ಯಕ್ಷರ ಮಾತು ನಿಜವಲ್ಲವೆಂದು ಪತ್ರಿಕೆಯಲ್ಲಿ ಜಾಹೀರಾತೇ ಕೊಟ್ಟರು. ಆ ಪಟ್ಟಿಯಲ್ಲಿ ನೊಬೆಲ್ ಪಡೆದವರಿದ್ದರು. ಎದುರು ಬಣದಲ್ಲೂ ನೊಬೆಲ್‌ಗೆ ಬರವಿರಲಿಲ್ಲ: ಹಿಂದಿನ ವರ್ಷವಷ್ಟೇ ಅದನ್ನು ಪಡೆದಿದ್ದ ಪಾಲ್ ಕ್ರುಗ್‌ಮನ್, ಚೇತರಿಕೆಯ ಪ್ಯಾಕೇಜಿನ 787 ಶತಕೋಟಿ ಡಾಲರ್ ಯಾವ ಮೂಲೆಗೂ ಸಾಲದು ಎಂದು ರೇಗುತ್ತಿದ್ದರು.

ಸರ್ಕಾರ ಒಂದು ಡಾಲರ್ ಖರ್ಚು ಮಾಡಿದರೆ ದೇಶದ ಉತ್ಪಾದನೆ ಎಷ್ಟು ಹೆಚ್ಚುತ್ತದೆ? ಒಬಾಮರ ಸಲಹೆಗಾರ್ತಿ ಕ್ರಿಸ್ಟಿನಾ ರೋಮರ್ ಹೇಳಿದ್ದು ಒಂದೂವರೆ ಡಾಲರ್‌ಗೂ ಹೆಚ್ಚು. ಹಾರ್ವರ್ಡ್‌ನ ರಾಬರ್ಟ್ ಬಾರೊ ಹೇಳಿದ್ದು, ಯುದ್ಧವಿಲ್ಲದ ಕಾಲದಲ್ಲಿ ಹೆಚ್ಚುಕಡಿಮೆ ಸೊನ್ನೆ. ಇಬ್ಬರೂ ಓದಿದ್ದು ಒಂದೇ ಶಾಸ್ತ್ರ.

ರೋಮರ್ ಮತ್ತು ಇನ್ನೊಬ್ಬ ಸಲಹೆಗಾರ ಜೇರೆಡ್ ಬರ್ನ್‌ಸ್ಟೀನ್ ಸೇರಿ ಒಂದು ನಕ್ಷೆ ಬರೆದರು. ಅದರಲ್ಲಿ ಎರಡು ಗೆರೆ. ಪ್ಯಾಕೇಜ್ ಕೊಟ್ಟರೆ ನಿರುದ್ಯೋಗ ಶೇ 8ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಕೊಡದಿದ್ದರೆ ಶೇ 9ಕ್ಕೆ ಏರುತ್ತದೆ. ಫೆಬ್ರುವರಿಯಲ್ಲಿ ಪ್ಯಾಕೇಜ್ ಬಂತು. ಅಕ್ಟೋಬರ್‌ನಲ್ಲಿ ನಿರುದ್ಯೋಗ ಶೇ 10 ಮುಟ್ಟಿತು! ಕೊಡದಿದ್ದರೆ ಆಗಬೇಕಿದ್ದ ಅನಾಹುತಕ್ಕಿಂತ ಕೊಟ್ಟ ಮೇಲಿನ ಅನಾಹುತವೇ ದೊಡ್ಡದು.

ಇನ್ನಾದರೂ ಯಾರೋ ಒಬ್ಬರು ಸೋಲೊಪ್ಪಬೇಕಲ್ಲ? ಛೆ, ಎಲ್ಲರೂ ಗೆದ್ದರು. ನೋಡಿ, ದುಡ್ಡು ನೀರುಪಾಲು ಎಂದರು ವಿರೋಧಿಗಳು. ನೋಡಿ, ಕಡಿಮೆ ಕೊಟ್ಟಿರಿ ಎಂದರು ಕ್ರುಗ್‌ಮನ್. ನಕ್ಷೆಯ ಪರ ನಿಂತವರು ಮಾತ್ರ ನಮ್ಮ ಜೋಯಿಸರ ದಾರಿ ಹಿಡಿದರು: ಜಾತಕ ಸರಿಯಾಗಿಯೇ ಇದೆ, ನೀವು ಕೊಟ್ಟ ಹುಟ್ಟಿದ ಗಳಿಗೆ ತಪ್ಪು. ತಮಾಷೆಯೆಂದರೆ ಗಳಿಗೆ ನಿಜಕ್ಕೂ ತಪ್ಪಿತ್ತು. 2008ರ ಕೊನೆಯ ತ್ರೈಮಾಸಿಕದಲ್ಲಿ ಜಿಡಿಪಿ ವಾರ್ಷಿಕ ಲೆಕ್ಕದಲ್ಲಿ ಶೇ 3.8ರಷ್ಟು ಕುಸಿದಿದೆ ಎಂಬುದು ಸರ್ಕಾರದ ಮೊದಲ ಅಂದಾಜು. ವರ್ಷಗಳ ನಂತರ ತಿದ್ದಿ ನೋಡಿದರೆ ಕುಸಿತ ಶೇ 8 ದಾಟಿತ್ತು. ಪ್ಯಾಕೇಜ್ ಇಲ್ಲದ ಅಮೆರಿಕವನ್ನು ಕಣ್ಣಾರೆ ಕಂಡವರು ಯಾರೂ ಇಲ್ಲವಲ್ಲ, ಹಾಗಾಗಿ ಅಲ್ಲಿನ ನಿರುದ್ಯೋಗ ಎಷ್ಟೆಂದು ಯಾರು ಏನು ಬೇಕಾದರೂ ಹೇಳಬಹುದು.

2012ರಲ್ಲಿ ಷಿಕಾಗೊ ವಿಶ್ವವಿದ್ಯಾಲಯ ಹೆಸರಾಂತ ಅರ್ಥಶಾಸ್ತ್ರಜ್ಞರನ್ನೇ ಕೇಳಿತು. ಪ್ಯಾಕೇಜ್‌ನಿಂದ ನಿರುದ್ಯೋಗ ತಗ್ಗಿತೆಂದು ಹೆಚ್ಚಿನವರು ಒಪ್ಪಿದರು. ಮಾಡಿದ ವೆಚ್ಚಕ್ಕೆ ತಕ್ಕ ಲಾಭವಾಯಿತೇ ಎಂದಾಗ ಹೌದೆಂದವರು ಅರ್ಧಕ್ಕಿಂತ ಕಡಿಮೆ. ಕಾಲು ಭಾಗಕ್ಕೂ ಹೆಚ್ಚು ಮಂದಿಗೆ ಖಚಿತವಿರಲಿಲ್ಲ. 2009ರಲ್ಲಿ ಕೆಲಸವಿಲ್ಲದೆ ಕೂತಿದ್ದ ಒಂದೂವರೆ ಕೋಟಿ ಜನಕ್ಕೆ ಮಾತ್ರ ಖಚಿತವಾಗಿ ಗೊತ್ತಿತ್ತು, ಆದರೆ ಆ ಸಮೀಕ್ಷೆಯಲ್ಲಿ ಉತ್ತರಿಸಲು ಕಾಯಂ ಪ್ರಾಧ್ಯಾಪಕರ ಹುದ್ದೆ ಬೇಕಿತ್ತು.