ಆಫ್ ಮಾಡಿ ಆನ್ ಮಾಡಣ್ಣ

ಹುಣಸೂರಾಗಲಿ, ಪಿರಿಯಾಪಟ್ಟಣವಾಗಲಿ, ಕೆ.ಆರ್. ನಗರವೋ ಎಚ್.ಡಿ. ಕೋಟೆಯೋ ಆಗಲಿ, ಪಹಣಿ ತೆಗೆದುಕೊಡುವ ಅಂಗಡಿ ಇದ್ದಲ್ಲಿ ಈ ಅಣ್ಣ ಇದ್ದೇ ಇರುತ್ತಾನೆ. ಕಂಪ್ಯೂಟರ್ ಎರಡು ಉಸಿರು ತಡಮಾಡಿದರೆ ಸಾಕು, ಕಂಟ್ರೋಲ್, ಆಲ್ಟ್, ಡಿಲೀಟ್ ಮೂರರ ಮೇಲೂ ಬೆರಳು ಬಿತ್ತು. "ಒಂದ್ಸಲ ಆಫ್ ಮಾಡಿ ಆನ್ ಮಾಡಣ, ಎಲ್ಲಾ ಸರೋಯ್ತದೆ." ಸರ್ವರ್ ಬೆಂಗಳೂರಿನಲ್ಲಿ ಮಲಗಿದ್ದರೂ ಗುದ್ದು ಮಾತ್ರ ಹುಣಸೂರಿನ ಕೀಬೋರ್ಡಿಗೆ.

1981ರ ಐಬಿಎಂ ಪಿಸಿಗಾಗಿ ಈ ಮೂರು ಕೀಲಿಗಳನ್ನು ಕೂಡಿಸಿದವರು ಡೇವಿಡ್ ಬ್ರಾಡ್ಲಿ ಎಂಬ ಇಂಜಿನಿಯರ್. ಅಪ್ಪಿತಪ್ಪಿ ಒತ್ತಬಾರದೆಂದೇ ಒಂದು ಕೈಗೆ ಎಟುಕದವನ್ನು ಆರಿಸಿದ್ದರು. ನಮ್ಮಣ್ಣ ಈಗಿನ ಕೀಬೋರ್ಡಿನಲ್ಲಿ ಒಂದೇ ಕೈಯಲ್ಲಿ ಒತ್ತುತ್ತಾನೆ. ಇನ್ನೊಂದರಲ್ಲಿ ಟೀ ಲೋಟ ಇರುತ್ತದಲ್ಲ!

ವಿಂಡೋಸ್ ಮೇಲೆ ಅವನಿಗೆ ಸಿಟ್ಟು. ಒತ್ತಿದರೆ ರೀಬೂಟ್ ಆಗದೆ, ಹೋಟೆಲ್ ಮಾಣಿಯ ಹಾಗೆ "ಏನು ಕೊಡ್ಲಿ?" ಎಂದು ಪಟ್ಟಿ ಹಿಡಿದು ನಿಲ್ಲುತ್ತದೆ. ಇಂಜಿನಿಯರಿಂಗ್ ಓದುವ ಅಕ್ಕನ ಮಗ ಹಳೇ ಡಬ್ಬಕ್ಕೆ ಲಿನಕ್ಸ್ ಹಾಕಿಕೊಟ್ಟ ಮೇಲೆ ಅಣ್ಣನಿಗೆ ಜೀವ ಬಂತು. ಅದರ ಕಪ್ಪು ಪರದೆಯಲ್ಲಿ ಒತ್ತಿದರೆ ನೇರ ರೀಬೂಟ್; 2 ಸೆಕೆಂಡಿನಲ್ಲಿ 7ಕ್ಕಿಂತ ಹೆಚ್ಚು ಸಲ ಒತ್ತಿದರೆ ಯಾವ ಕೆಲಸಕ್ಕೂ ಕಾಯದೆ ರೀಬೂಟ್. "ಇದ ಮಾಡ್ದೋನು ನಮ್ಮ ಕಡೆಯವನೇ ಕಣ್ರೀ" ಎಂದ.

ಮೊನ್ನೆ ಅರ್ಜಿ ಮುಕ್ಕಾಲು ತುಂಬಿತ್ತು. ಒತ್ತಿಯೇಬಿಟ್ಟ. ಸಾಲಿನಲ್ಲಿದ್ದ ಹೊಗೆಸೊಪ್ಪಿನ ರೈತನಿಗೆ ತಡೆಯಲಾಗಲಿಲ್ಲ. "ಅಲ್ಲಾ ಕಣಣ್ಣ, ಬ್ಯಾರನ್‌ನಲ್ಲಿ ಸೊಪ್ಪು ಬೇಯೋವಾಗ ಬೆಂಕಿ ಆರ್ಸಿ ತಿರ್ಗಾ ಹಚ್ಚುದ್ರೆ ಹರಾಜಲ್ಲಿ ಯಾವನು ಮುಟ್ಟಾನು?"

"ಅದು ಸೊಪ್ಪು. ಇದು ಸಿಸ್ಟಂ."

ಅಕ್ಕನ ಮಗನಿಗೂ ರೈತನ ಮಾತು ನಾಟಿತು. ಬೇಕಾದವರು ತೆರೆದುಕೊಳ್ಳಲಿ, ತಾನಾಗಿ ತೆರೆದಿರುವುದು ಬೇಡ ಎಂದು ಆ ಶಾರ್ಟ್‌ಕಟ್ಟನ್ನೇ ಮುಚ್ಚಿದ. ಮರುದಿನ ಅಣ್ಣ ಒತ್ತಿದ. ಏನೂ ಆಗಲಿಲ್ಲ. ಏಳು ಸಲ, ಎಂಟು ಸಲ ಒತ್ತಿದ. ಏಳದ ಎತ್ತನ್ನು ನೋಡುವಂತೆ ಕೀಬೋರ್ಡನ್ನು ನೋಡಿದ. ಟೀ ಲೋಟ ಕೆಳಗಿಟ್ಟ. ಮೇಜಿನಡಿ ತೂರಿ ಪ್ಲಗ್ಗನ್ನೇ ಕಿತ್ತ!

ಕೀಲಿ ಒತ್ತಿದ್ದರೆ ಲಿನಕ್ಸ್ ತೆರೆದ ಕೆಲಸಗಳನ್ನು ಒಂದೊಂದಾಗಿ ಮುಚ್ಚಿಯಾದರೂ ಮಲಗುತ್ತಿತ್ತು. ಪ್ಲಗ್ಗಿಗೆ ಆ ಮರ್ಯಾದೆ ಎಲ್ಲಿದೆ? ಹುಡುಗ ಆ ಸಂಜೆಯೇ ಬಾಯಿ ಮುಚ್ಚಿಕೊಂಡು ಶಾರ್ಟ್‌ಕಟ್ ತೆರೆದಿಟ್ಟ.

ಬೆಳಿಗ್ಗೆ ಅಣ್ಣ ಒತ್ತಿದ. ರೀಬೂಟ್ ಆಯಿತು. ಸಾಲಿನತ್ತ ತಿರುಗಿ ಹುಬ್ಬು ಹಾರಿಸಿದ: "ನೋಡುದ್ರಾ? ನೆನ್ನೆ ಆಫ್ ಮಾಡಿ ಆನ್ ಮಾಡ್ದೆ, ಸರೋಯ್ತು."