ಆದಾಮನ ಹೊಕ್ಕುಳ ಮೀಮಾಂಸೆ

ದೇವರು ಮನುಷ್ಯನನ್ನು ಮಾಡಿದನೋ, ಮಂಗನೇ ಮನುಷ್ಯನಾಯಿತೋ ಎಂಬ ಜಗಳದಲ್ಲಿ ಎರಡೂ ಪಕ್ಷದ ಪಂಡಿತರು ತಲೆಬುರುಡೆ, ದವಡೆ, ಬಾಲದ ಮೂಳೆಗಳನ್ನೇ ಹಿಡಿದು ಬಡಿದಾಡಿದ್ದಾರೆ. ದೇಹದ ನಟ್ಟನಡುವೆ ಕೂತಿರುವ ಹೊಕ್ಕುಳನ್ನು ಸಾಕ್ಷಿಗೆ ಕರೆದವರು ಕಡಿಮೆ. ವಿದ್ವತ್ ಲೋಕದ ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಮಹಾಪ್ರಬಂಧದ ಉದ್ದೇಶ.

ಮೊದಲು ಪೂರ್ವಪಕ್ಷ. ಹೊಕ್ಕುಳೆಂದರೆ ಬಳ್ಳಿ ಕತ್ತರಿಸಿದ ಗುರುತು. ಬಳ್ಳಿಯಿದ್ದಲ್ಲಿ ತಾಯಿ ಇರಬೇಕು. ಆದಾಮನಿಗೆ ತಾಯಿಯಿಲ್ಲ, ಸೂಲಗಿತ್ತಿಯಂತೂ ಮೊದಲೇ ಇಲ್ಲ. ಅಂದಮೇಲೆ ಅವನ ಹೊಟ್ಟೆ ಸಪಾಟಾಗಿರಬೇಕಲ್ಲವೇ? ಇಂಗ್ಲೆಂಡಿನ ವೈದ್ಯ ಥಾಮಸ್ ಬ್ರೌನ್ 1646ರಲ್ಲೇ ಈ ತಕರಾರು ತೆಗೆದು, ಆದಾಮ-ಹವ್ವರಿಗೆ ಹೊಕ್ಕುಳು ಬರೆಯುವ ಚಿತ್ರಕಾರರನ್ನು ತರಾಟೆಗೆ ತೆಗೆದುಕೊಂಡ. ಅಷ್ಟರಲ್ಲಿ ಮೈಕೆಲಾಂಜೆಲೊ ಸಿಸ್ಟೀನ್ ಚಾಪೆಲ್ಲಿನ ಚಾವಣಿಯಲ್ಲಿ ಆದಾಮನಿಗೆ ಹೊಕ್ಕುಳಿಟ್ಟು ನೂರು ವರ್ಷ ದಾಟಿತ್ತು. ಅಳಿಸೋಣವೆಂದರೆ ಏಣಿ ಸಾಲದು.

ಸಿದ್ಧಾಂತ ಒದಗಿಸಿದವನು ಫಿಲಿಪ್ ಹೆನ್ರಿ ಗಾಸ್. ಇವನನ್ನು ಅರೆಹುಚ್ಚನೆಂದುಕೊಳ್ಳಬೇಡಿ. ಕಡಲತೀರದ ಬಂಡೆ ಸಂದಿಗಳಲ್ಲಿ ಕೈಯಿಟ್ಟು ಜೀವಿಗಳನ್ನು ಹೆಕ್ಕಿ ಅಭ್ಯಾಸ ಮಾಡಿದವನು, ವಿಕ್ಟೋರಿಯಾ ಕಾಲದ ಮನೆಗಳಿಗೆ ಅಕ್ವೇರಿಯಮ್ಮಿನ ಹುಚ್ಚು ಹತ್ತಿಸಿದವನು, ಡಾರ್ವಿನ್ನನೊಡನೆ ಪತ್ರವ್ಯವಹಾರವಿದ್ದವನು. ಜೊತೆಗೆ ಬೈಬಲ್ಲಿನ ಒಂದಕ್ಷರವನ್ನೂ ಬಿಟ್ಟುಕೊಡದ ಪ್ಲಿಮತ್ ಬ್ರೆದ್ರನ್ ಪಂಥದ ಭಕ್ತ. ಬಂಡೆ ಒಂದು ಹೇಳುತ್ತದೆ, ಬೈಬಲ್ ಇನ್ನೊಂದು. ಎರಡೂ ದೇವರ ಕೈಬರಹವೇ. ಈ ಇಕ್ಕಟ್ಟಿನಿಂದ ಪಾರಾಗಲು ಅವನು 1857ರಲ್ಲಿ, ಡಾರ್ವಿನ್ನನ ಗ್ರಂಥಕ್ಕೆ ಎರಡು ವರ್ಷ ಮೊದಲು, ‘ಓಂಫಲೋಸ್’ ಬರೆದ. ಗ್ರೀಕರ ಹೊಕ್ಕುಳು ಅದು.

ಅವನ ವಾದ ಹೀಗೆ: ಆದಾಮನಿಗೆ ಬಳ್ಳಿ ಇರಲಿಲ್ಲ, ಹೊಕ್ಕುಳು ಇತ್ತು. ಜೀವವೆಂಬುದು ಚಕ್ರ, ಎಲ್ಲಿ ಕೈಹಾಕಿ ಸೃಷ್ಟಿ ಶುರುಮಾಡಿದರೂ ನಡೆಯದೇ ಇದ್ದ ಹಿಂದಿನ ಸುತ್ತಿನ ಗುರುತು ಅಂಟಿಕೊಂಡೇ ಬರುತ್ತದೆ. ಈಡನ್ ತೋಟದ ಮರ ಅಂದು ಬೆಳಿಗ್ಗೆಯೇ ಹುಟ್ಟಿದ್ದರೂ ಕಡಿದು ನೋಡಿದರೆ ಉಂಗುರಗಳಿರುತ್ತವೆ. ನೀರಾನೆಯ ಹಲ್ಲು ಸವೆಯದಿದ್ದರೆ ಬಾಯಿ ಮುಚ್ಚುವುದಿಲ್ಲ. ಆದ್ದರಿಂದ ಒಂದೆಸಳು ಹುಲ್ಲನ್ನೂ ತಿನ್ನದ ನೀರಾನೆ, ವರ್ಷಗಟ್ಟಲೆ ಮೇದು ಸವೆದ ಹಲ್ಲಿನೊಡನೆಯೇ ಕಣ್ಣುಬಿಟ್ಟಿತು. ಭೂಮಿಗೂ ಇದೇ ನ್ಯಾಯ: ಪಳೆಯುಳಿಕೆಗಳು ಅದರ ಹೊಕ್ಕುಳು. ಸರಿ, ಕಲ್ಲಾಗಿ ಹೋದ ಲದ್ದಿ ಸಿಗುತ್ತದಲ್ಲ, ಅದಕ್ಕೇನೆನ್ನುತ್ತೀರಿ? ಗಾಸ್ ಅದಕ್ಕೂ ಮೂಗು ಮುಚ್ಚಿಕೊಳ್ಳಲಿಲ್ಲ. ಸೃಷ್ಟಿಯಾದ ಕ್ಷಣದಲ್ಲಿ ಪ್ರಾಣಿಯ ಕರುಳು ಖಾಲಿಯಿರಲು ಸಾಧ್ಯವಿಲ್ಲ. ಉಣ್ಣದ ಊಟದ ಲದ್ದಿ ಕರುಳಿನಲ್ಲಿರಬಹುದಾದರೆ ಬಂಡೆಯಲ್ಲೇಕಿರಬಾರದು? ಭಕ್ತಿ ಇಷ್ಟು ದೂರ ನಡೆದದ್ದನ್ನು ಪ್ರಸ್ತುತ ಸಂಶೋಧಕ ಬೇರೆಲ್ಲೂ ಕಂಡಿಲ್ಲ.

ಇದರ ಲಾಭ ಅಪಾರ. ಆರ್ಚ್‌ಬಿಷಪ್ ಜೇಮ್ಸ್ ಅಶರ್ 1650ರಲ್ಲಿ ಲೆಕ್ಕ ಹಾಕಿ, ಸೃಷ್ಟಿ ಕ್ರಿ.ಪೂ. 4004ರ ಅಕ್ಟೋಬರ್ 23ಕ್ಕೆ ಎಂದಿದ್ದ. ನಮ್ಮ ಲಾಲ್‌ಬಾಗಿನ ಬಂಡೆಗೆ ಭೂವಿಜ್ಞಾನಿಗಳು ಸುಮಾರು 300 ಕೋಟಿ ವರ್ಷ ಎನ್ನುತ್ತಾರೆ. ಗಾಸ್‌ನನ್ನು ಒಪ್ಪಿದರೆ ಇಬ್ಬರೂ ಸರಿ: ಬಂಡೆಯ ವಯಸ್ಸು ಆರು ಸಾವಿರ, ದಾಖಲೆಯಲ್ಲಿ 300 ಕೋಟಿ. ಮುಜುಗರವಾಗುವುದೂ ಇಲ್ಲೇ. ಹೊಸ ಕಾಗದವನ್ನು ಒಲೆಯ ಹೊಗೆಗೆ ಹಿಡಿದು ಕಂದಾಗಿಸಿ, ಅಜ್ಜನ ಕಾಲದ ತಾರೀಖು ಹಾಕಿ ಕ್ರಯಪತ್ರ ಸೃಷ್ಟಿಸುವ ಕಿಲಾಡಿ ಶಾನುಭೋಗರ ಕತೆ ನಮ್ಮಲ್ಲಿ ಯಾರು ಕೇಳಿಲ್ಲ? ದೇವರ ಮಾನ ಕಾಯಲು ಹೊರಟ ಗಾಸ್ ಅವನನ್ನು ಕರೆದೊಯ್ದು ಆ ಶಾನುಭೋಗನ ಪಕ್ಕದಲ್ಲಿ ಕೂರಿಸಿದ. ಪಾದ್ರಿಯೂ ಕಾದಂಬರಿಕಾರನೂ ಆಗಿದ್ದ ಗೆಳೆಯ ಚಾರ್ಲ್ಸ್ ಕಿಂಗ್ಸ್ಲಿಯೇ, ದೇವರು ಬಂಡೆಗಳ ಮೇಲೆ ಅಷ್ಟು ದೊಡ್ಡ ಸುಳ್ಳು ಬರೆದನೆಂದು ನಂಬಲಾರೆ ಎಂದು ಕಾಗದ ಬರೆದ. ಮಾರಾಟವಾಗದ ಪ್ರತಿಗಳು ರದ್ದಿಗೆ ಹೋದವು.

ಆದರೂ ನನಗೆ ಅವನ ಮೇಲೆ ಗೌರವವಿದೆ. ಸೃಷ್ಟಿವಾದಿಗಳಲ್ಲಿ ಬಹಳ ಮಂದಿ ಸಾಕ್ಷ್ಯವನ್ನು ಕಂಡರೆ ಕಣ್ಣುಮುಚ್ಚುತ್ತಾರೆ, ಇಲ್ಲವೇ ತಿರುಚುತ್ತಾರೆ. ಇವನು ಎಲ್ಲವನ್ನೂ ಒಪ್ಪಿಕೊಂಡು, ಭೂವಿಜ್ಞಾನಿಗಳು ತಮ್ಮ ಕೆಲಸವನ್ನು ಎಂದಿನಂತೆ ಮುಂದುವರಿಸಲಿ ಎಂದ. ಅವನನ್ನು ಸೋಲಿಸಲು ಯಾವ ಸಾಕ್ಷ್ಯ ತಂದರೂ ಅದೂ ಒಂದು ಹೊಕ್ಕುಳಾಗಿಬಿಡುತ್ತದೆ. ಸೋಲೇ ಇಲ್ಲದ ವಾದ. ಗೆದ್ದು ತಂದದ್ದೂ ಏನಿಲ್ಲ.

ಡಾರ್ವಿನ್ ಪಕ್ಷದಲ್ಲಿ ಹೊಕ್ಕುಳಿಗೆ ಇಂಥ ಘನತೆಯಿಲ್ಲ. ತಾಯಿಯಿದ್ದಳು, ಅವಳಿಗೂ ತಾಯಿಯಿದ್ದಳು, ಬಹಳ ಹಿಂದೆ ಮರದ ಮೇಲಿದ್ದವಳಿಗೂ ಇದ್ದಳು. ಮುಗಿಯಿತು. ಇಷ್ಟು ನೀರಸ ಉತ್ತರಕ್ಕೆ ಯಾವ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಟ್ಟೀತು?

ನಮ್ಮ ಪುರಾಣದಲ್ಲಾದರೋ ಸೃಷ್ಟಿಕರ್ತನೇ ಹೊಕ್ಕುಳಿಂದ ಬಂದವನು. ಪದ್ಮನಾಭನ ನಾಭಿಯಿಂದ ತಾವರೆ, ತಾವರೆಯ ಮೇಲೆ ಬ್ರಹ್ಮ. ಗಮನಿಸಿ, ದಂಟು ಕೂಡಿರುವುದು ತಾವರೆಗೆ, ಬ್ರಹ್ಮನಿಗಲ್ಲ. ಹಾಗಾದರೆ ಬ್ರಹ್ಮನಿಗೆ ಹೊಕ್ಕುಳುಂಟೆ? ಬ್ರೌನ್ ಇತ್ತ ಬಂದಿದ್ದರೆ ನಮ್ಮ ಶಿಲ್ಪಿಗಳ ಉಳಿಗೆ ಸಂಚಕಾರವಿತ್ತು.

ಜಗತ್ತು ಸಕಲ ನೆನಪುಗಳ ಸಮೇತ ಐದು ನಿಮಿಷದ ಹಿಂದೆ ಹುಟ್ಟಿತೆಂದರೂ ತರ್ಕದಿಂದ ಅಲ್ಲಗಳೆಯಲಾಗದು ಎಂದು ಬರ್ಟ್ರಂಡ್ ರಸೆಲ್ 1921ರಲ್ಲಿ ತೋರಿಸಿಕೊಟ್ಟ. ಪತ್ರಿಕಾ ಸಂಪಾದಕರು ಅದನ್ನು ಓದಿಕೊಂಡಿರಬೇಕು. ಹಿಂದಿನ ಪ್ರಬಂಧದ ಗೌರವಧನ ಕೇಳಿದರೆ ‘ಆಗಲೇ ಕಳಿಸಿಯಾಗಿದೆಯಲ್ಲ’ ಎನ್ನುತ್ತಾರೆ. ಗಾಸ್‌ನ ಆದಾಮನಿಗೆ ಬಳ್ಳಿಯಿಲ್ಲದಿದ್ದರೂ ಹೊಕ್ಕುಳಿತ್ತು. ಇವರ ಪಾವತಿಗೆ ನನ್ನ ಪಾಸ್‌ಬುಕ್ಕಿನಲ್ಲಿ ಹೊಕ್ಕುಳೂ ಇಲ್ಲ.